ಅತ್ತೆಯವರ ಜಳಕ, ಯಜಮಾನರ ಲೆಕ್ಕ

ಪ್ರಶ್ನೆ: ನಾವು ಬೆಲ್ಲದ ಬಾಗೇವಾಡಿಯವರು. ಮನೆಯಲ್ಲಿ 77 ವರ್ಷದ ಅತ್ತೆ, ಯಜಮಾನರು, ನಾನು, ಪಿಯುಸಿ ಓದುವ ಮಗ. ಅಣ್ಣತಮ್ಮಂದಿರಲ್ಲಿ ಹಳೆಯ ಮನೆ ಪಾಲಾದ ಮೇಲೆ ಇಲ್ಲೇ ಆರು ಮನೆಗಳಿರುವ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಮನೆ ಕೊಂಡೆವು. ಮೊದಲಿದ್ದವರು ಬಿಟ್ಟುಹೋದ ಗೀಸರ್ ಈಗ ಬುಡದಿಂದ ಸೋರುತ್ತಿದೆ, ಕಂದು ನೀರು ಬರುತ್ತದೆ. ಅದನ್ನು ಬಂದ್ ಮಾಡಿ ಬಕೀಟಿನಲ್ಲಿ ರಾಡ್ ಹಾಕಿ ನೀರು ಕಾಯಿಸುತ್ತಿದ್ದೇನೆ. ಅತ್ತೆ ನಸುಕಿನಲ್ಲಿ ಐದಕ್ಕೆ ಜಳಕ ಮಾಡಿಯೇ ಲಿಂಗಪೂಜೆಗೆ ಕೂಡುವವರು. ಹಳೆಯ ಮನೆಯಲ್ಲಿ ಹಂಡೆ ತುಂಬ ನೀರು ಕಾಯುತ್ತಿತ್ತು. ಇಲ್ಲಿಯದು "ಮೈಗೆ ಹತ್ತಂಗಿಲ್ಲ" ಅನ್ನುತ್ತಾರೆ. ಹೊಸ ಗೀಸರ್ ಅಂದರೆ ಯಜಮಾನರು "ಇನ್ನೂರು ಯುನಿಟ್ ದಾಟಿತಂದ್ರ ಪೂರ್ತಿ ಬಿಲ್ ಬರತೈತಿ, ಫ್ರೀ ಹೋಗತೈತಿ" ಎಂದು ಹೆದರುತ್ತಾರೆ. ಬಿಲ್ಲಿನಲ್ಲಿ ನಮಗೆ 64 ಯುನಿಟ್ ಉಚಿತ ಎಂದಿದೆ, ಬರುತ್ತಿರುವುದು 120ರ ಆಸುಪಾಸು. ಗೋಕಾಕದಲ್ಲಿರುವ ಮೈದುನ ಗ್ಯಾಸ್ ಗೀಸರ್ ಹಾಕಿಸಿಕೊಂಡಿದ್ದಾನೆ, ನೀವೂ ಅದನ್ನೇ ಹಾಕಿಸಿ ಅನ್ನುತ್ತಾನೆ. ಅಂಗಡಿಯವರು ಇನ್‌ಸ್ಟಂಟ್ ತಗೊಳ್ಳಿ ಅನ್ನುತ್ತಾರೆ. ಮಗ ಅಜ್ಜಿಯ ಮೊಣಕಾಲು ನೋವಿಗೆಂದು ರೂಮ್ ಹೀಟರ್ ಹುಡುಕುತ್ತಿದ್ದಾನೆ. ಯಾರ ಮಾತು ಕೇಳಬೇಕೋ ತಿಳಿಯದಾಗಿದೆ. ಹಾಂ, ಹಳೆಯ ಗೀಸರ್ ನಡೆಯುತ್ತಿದ್ದಾಗ ಒಮ್ಮೊಮ್ಮೆ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು.

ಉತ್ತರ: ತಂಗೀ, ನೀವು ಪತ್ರದ ಕೊನೆಯಲ್ಲಿ ನೆನಪಾಗಿ ಸೇರಿಸಿದ ಆ ಒಂದು ಸಾಲಿನಿಂದಲೇ ಶುರು ಮಾಡುತ್ತೇನೆ. ಕೈ ಜುಮ್ಮೆಂದಿದ್ದು ಸಣ್ಣ ವಿಷಯವಲ್ಲ. ಯಾವ ಗೀಸರ್ ಎಂಬ ಪ್ರಶ್ನೆಗಿಂತ ಅದು ದೊಡ್ಡದು, ಅದಕ್ಕಿಂತ ಮೊದಲಿನದು.

ಗೀಸರಿನ ಒಳಗೆ ನೀರು ಕಾಯಿಸುವ ಕಾಯಿಲ್ ಒಂದು ಲೋಹದ ಕೊಳವೆಯೊಳಗೆ ಕೂತಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಆ ಕೊಳವೆಯ ಮೇಲೆ ಪದರ ಕಟ್ಟುತ್ತದೆ. ಶಾಖ ನೀರಿಗೆ ಇಳಿಯದೆ ಒಳಗೇ ಉಳಿದು ಕೊಳವೆ ಸುಟ್ಟು ಬಿರುಕು ಬಿಡುತ್ತದೆ, ಕರೆಂಟ್ ಟ್ಯಾಂಕಿಗೆ ಮತ್ತು ನೀರಿಗೆ ಸೋರಲು ಶುರುವಾಗುತ್ತದೆ. ಅರ್ಥಿಂಗ್ ಸರಿಯಿದ್ದರೆ ಹೀಗೆ ಸೋರಿದ ಕರೆಂಟ್ ತಂತಿಯ ದಾರಿ ಹಿಡಿದು ನೆಲ ಸೇರುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಅದು ದಾರಿ ಕಾಯುತ್ತ ಕೂತಿರುತ್ತದೆ. ಒದ್ದೆ ನೆಲದ ಮೇಲೆ ನಿಂತು ನಲ್ಲಿ ಮುಟ್ಟಿದವರ ಮೈಯೇ ಆ ದಾರಿಯಾಗುತ್ತದೆ. ನಿಮ್ಮ ಕೈ ಜುಮ್ಮೆಂದಿದೆ ಎಂದರೆ ಗೀಸರ್ ಕೆಟ್ಟಿತ್ತು ಎಂಬುದಷ್ಟೇ ಅರ್ಥವಲ್ಲ, ನಿಮ್ಮ ಮನೆಯ ಅರ್ಥಿಂಗೂ ಕೆಲಸ ಮಾಡುತ್ತಿಲ್ಲ ಎಂದು ಬಲವಾಗಿ ಸಂಶಯಪಡಬೇಕು. ಇದೇ ವೈರಿಂಗಿಗೆ ಅತಿ ದುಬಾರಿಯ ಹೊಸ ಗೀಸರ್ ತಂದು ಕೂರಿಸಿದರೂ ನಾಲ್ಕಾರು ವರ್ಷದಲ್ಲಿ ಅದರ ಕಾಯಿಲೂ ಇದೇ ಗತಿಗೆ ಬರುತ್ತದೆ. ಆಗ ನಲ್ಲಿ ಮುಟ್ಟುವವರು ನಿಮ್ಮ ಅತ್ತೆಯವರೂ ಆಗಿರಬಹುದು.

ಈಗ ನೀವು ಬಳಸುತ್ತಿರುವ ರಾಡಿಗೂ ಇದೇ ಮಾತು. ಅದೂ ಅದೇ ಸಾಕೆಟ್ಟಿನಿಂದಲೇ ಕರೆಂಟ್ ತಗೊಳ್ಳುತ್ತಿದೆ, ಅದಕ್ಕೂ ಅದೇ ಅರ್ಥಿಂಗ್. ನೀರು ಕಾದಿದೆಯೇ ಎಂದು ಸ್ವಿಚ್ ಹಾಕಿರುವಾಗಲೇ ಬೆರಳು ಅದ್ದಿ ನೋಡುವ ರೂಢಿ ನಮ್ಮ ಮನೆಗಳಲ್ಲಿ ಬಹಳ. ದಯವಿಟ್ಟು ಬೇಡ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ರಾಡ್ ತೆಗೆದು, ಆಮೇಲೆ ನೀರಿಗೆ ಕೈ ಹಾಕಿ. ಸ್ಟೀಲ್ ಬಕೀಟಿನಲ್ಲಿ ರಾಡ್ ಇಡಲೇಬೇಡಿ. ನಸುಕಿನ ನಿದ್ದೆಗಣ್ಣಿನಲ್ಲಿ ಅತ್ತೆ ತಾವೇ ಸ್ವಿಚ್ ಹಾಕಿಕೊಳ್ಳುವುದಿದ್ದರೆ ಅದನ್ನು ಇವತ್ತಿನಿಂದಲೇ ನಿಲ್ಲಿಸಿ.

ಮೊದಲ ಕೆಲಸ, ಲೈಸೆನ್ಸ್ ಇರುವ ವೈರ್‌ಮನ್ ಒಬ್ಬರನ್ನು ಕರೆಸುವುದು. ಗೀಸರ್ ಕೂರಿಸಲು ಅಂಗಡಿಯಿಂದ ಬರುವ ಹುಡುಗ ಸಾಕೆಟ್ಟಿಗೆ ಮೂರು ತೂತು ಇದೆಯೇ ಎಂದಷ್ಟೇ ನೋಡುತ್ತಾನೆ. ಮೂರನೇ ತೂತಿನ ಹಿಂದೆ ತಂತಿ ಇದೆಯೋ, ಆ ತಂತಿ ಕೆಳಗೆ ನೆಲದ ಗುಂಡಿಯವರೆಗೆ ಮುಟ್ಟಿದೆಯೋ ಎಂದು ನೋಡುವವರು ಕಡಿಮೆ. ವೈರ್‌ಮನ್ ಮೀಟರ್ ಹಿಡಿದು ಫೇಸಿಗೂ ಅರ್ಥಿಂಗಿಗೂ ನಡುವೆ ಎಷ್ಟು ವೋಲ್ಟ್ ಇದೆ, ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವೆ ಎಷ್ಟಿದೆ ಎಂದು ಅಳೆಯಲಿ. ಮೊದಲನೆಯದು 230ರ ಹತ್ತಿರ, ಎರಡನೆಯದು ಸೊನ್ನೆಗೆ ಹತ್ತಿರ, ಒಂದೆರಡು ವೋಲ್ಟ್ ಇರಬೇಕು. ಹಾಗಿಲ್ಲದಿದ್ದರೆ ಕಟ್ಟಡದ ಅರ್ಥಿಂಗ್ ಗುಂಡಿಯನ್ನೇ ಹುಡುಕಬೇಕು. ಎಷ್ಟೋ ಕಡೆ ಅದರ ಮೇಲೆ ಫರಸಿ ಹಾಕಿ ಮುಚ್ಚಿರುತ್ತಾರೆ, ಬೇಸಿಗೆಯಲ್ಲಿ ನೀರು ಕಾಣದೆ ಒಣಗಿ ಹೋಗಿರುತ್ತದೆ. ಇದು ಆರೂ ಮನೆಗಳ ಕೆಲಸ, ಆರೂ ಮನೆಯವರು ಸೇರಿ ಖರ್ಚು ಹಾಕಬೇಕಾದದ್ದು. ನಿಮ್ಮ ಕೈಗೆ ತಟ್ಟಿದ್ದು ನಾಳೆ ಕೆಳಗಿನ ಮನೆಯ ಮಗುವಿಗೆ ತಟ್ಟಬಹುದು ಎಂದು ಹೇಳಿ. ಯಾರೂ ಇಲ್ಲ ಅನ್ನಲಾರರು.

ಎರಡನೆಯ ಕೆಲಸ, ನಿಮ್ಮ ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು. ನಮ್ಮ ಕಡೆ ವೈರ್‌ಮನ್‌ಗಳು ಹಳೆಯ ರೂಢಿಯಂತೆ ಇದನ್ನು ಇಎಲ್‌ಸಿಬಿ ಅನ್ನುತ್ತಾರೆ. ಎಂಸಿಬಿ ಇದೆಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಂಸಿಬಿ ಕಾಯುವುದು ತಂತಿಯನ್ನು: ಹೆಚ್ಚು ಲೋಡ್ ಬಿದ್ದು ತಂತಿ ಸುಡದಂತೆ ನೋಡಿಕೊಳ್ಳುತ್ತದೆ. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ಸಣ್ಣ ವ್ಯತ್ಯಾಸ ಕಂಡರೂ ಕ್ಷಣಾರ್ಧದಲ್ಲಿ ಅದು ಇಡೀ ಲೈನನ್ನು ಕಡಿದುಹಾಕುತ್ತದೆ. ಅದರ ಮೇಲೆ ಟೆಸ್ಟ್ ಎಂಬ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ, ಟಕ್ಕೆಂದು ಬೀಳಬೇಕು. ಇದರ ಬೆಲೆ ಒಂದು ಗೀಸರಿನ ಬೆಲೆಗಿಂತ ಎಷ್ಟೋ ಕಡಿಮೆ. ಇದೊಂದಕ್ಕೆ ಯಜಮಾನರ ಹತ್ತಿರ ಚೌಕಾಸಿ ಮಾಡಬೇಡಿ, ಮಾಡಲು ಬಿಡಲೂಬೇಡಿ.

ಈಗ ಯಜಮಾನರ ಲೆಕ್ಕಕ್ಕೆ ಬರೋಣ. ಅವರ ಹೆದರಿಕೆ ಸುಳ್ಳಲ್ಲ, ಆದರೆ ಅದನ್ನು ತಪ್ಪು ಜಾಗಕ್ಕೆ ಹಚ್ಚಿದ್ದಾರೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ 2023ರ ಆಗಸ್ಟಿನಲ್ಲಿ ಶುರುವಾದಾಗಿನಿಂದ ಬಹಳ ಮನೆಗಳಲ್ಲಿ 200 ಯುನಿಟ್ ಎಂಬ ಒಂದೇ ಅಂಕಿ ತಲೆಯಲ್ಲಿ ಕೂತಿದೆ. ಆದರೆ ಎಲ್ಲರಿಗೂ 200 ಉಚಿತವಲ್ಲ. 2022–23ರ ವರ್ಷದ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಅದರದೇ ಮಿತಿ ಹಾಕಿದ್ದಾರೆ, ನಿಮ್ಮದು 64. ಅದಕ್ಕಿಂತ ಹೆಚ್ಚು ಬಳಸಿ 200ರ ಒಳಗಿದ್ದರೆ ಹೆಚ್ಚಿನದಕ್ಕಷ್ಟೇ ದುಡ್ಡು. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲು. ಅಂದರೆ ನೀವು ಈಗಲೇ 56 ಯುನಿಟ್ಟಿಗೆ ದುಡ್ಡು ಕಟ್ಟುತ್ತಿದ್ದೀರಿ, ಮತ್ತು ಆ 56ರಲ್ಲಿ ದೊಡ್ಡ ಪಾಲು ಆ ರಾಡಿನದೇ.

ಒಂದು ಲೆಕ್ಕ ಮಾಡಿ ತೋರಿಸಿ ಅವರಿಗೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಬೇಕಾಗುವ ಶಾಖ ಯಾವ ಯಂತ್ರದಲ್ಲಾದರೂ ಒಂದೇ. 20 ಲೀಟರಿನ ಒಂದು ಬಕೀಟನ್ನು ಚಳಿಗಾಲದ 20 ಡಿಗ್ರಿಯಿಂದ ಮೈಗೆ ಹಿತವಾಗುವ 40 ಡಿಗ್ರಿಗೆ ತರಲು ಅರ್ಧ ಯುನಿಟ್ಟಿಗೆ ತುಸು ಕಡಿಮೆ ಕರೆಂಟ್ ಬೇಕು. ರಾಡ್ ಹಾಕಿ, ಇನ್‌ಸ್ಟಂಟ್ ಹಾಕಿ, ಟ್ಯಾಂಕಿನ ಗೀಸರ್ ಹಾಕಿ, ಈ ಅಂಕಿ ಬದಲಾಗುವುದಿಲ್ಲ; ಮೂರರಲ್ಲೂ ಒಳಗಿರುವುದು ಕಾಯಿಲೇ, ಕರೆಂಟೆಲ್ಲ ಶಾಖವೇ ಆಗುತ್ತದೆ. ನಾಲ್ಕು ಜನಕ್ಕೆ ದಿನಕ್ಕೆ ಎರಡು ಯುನಿಟ್ಟಿನ ಒಳಗೆ, ತಿಂಗಳಿಗೆ 50ರಿಂದ 55. ಇನ್‌ಸ್ಟಂಟ್ ಕರೆಂಟ್ ಉಳಿಸುತ್ತದೆ ಎಂಬ ಅಂಗಡಿಯವರ ಮಾತಿನಲ್ಲಿ ನಿಜವಿರುವುದು ಒಂದೇ ಎಳೆ: ಟ್ಯಾಂಕಿನಲ್ಲಿ ಕಾದು ನಿಂತ ನೀರು ತಣಿಯುತ್ತದೆ, ಇನ್‌ಸ್ಟಂಟಿನಲ್ಲಿ ನಿಲ್ಲುವ ನೀರೇ ಕಡಿಮೆ. ಗೀಸರ್ ಮೇಲಿನ ಸ್ಟಾರುಗಳು ಹೇಳುವುದೂ ಇಷ್ಟನ್ನೇ, 24 ಗಂಟೆ ಹಾಗೇ ಇಟ್ಟರೆ ಟ್ಯಾಂಕಿನಿಂದ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ಜಳಕಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಕೊನೆಯವರ ಬಕೀಟು ತುಂಬಿದ ಕೂಡಲೇ ಆರಿಸುವ ಮನೆಯಲ್ಲಿ ಆ ಸೋರಿಕೆ ಬಹಳ ಸಣ್ಣದು. ದಿನವಿಡೀ ಸ್ವಿಚ್ ಹಾಕಿಟ್ಟು ಮರೆಯುವ ಮನೆಯಲ್ಲಿ ದೊಡ್ಡದು.

ನೀವು ರಾಡಿನಲ್ಲಿ ಈಗಾಗಲೇ ತಿಂಗಳಿಗೆ 45 ಯುನಿಟ್ಟಿನಷ್ಟು ಸುಡುತ್ತಿರುತ್ತೀರಿ. ಹೊಸ ಗೀಸರ್ ಬಂದು, ಎಲ್ಲರೂ ಇನ್ನಷ್ಟು ಧಾರಾಳವಾಗಿ ನೀರು ಹಾಕಿಕೊಂಡರೂ ನಿಮ್ಮ 120 ಹೋಗಿ 135 ಅಥವಾ 140 ಆದೀತು. ಯುನಿಟ್ಟಿಗೆ ಲೆಕ್ಕಕ್ಕೆ 6 ರೂಪಾಯಿ ಹಿಡಿದರೆ ತಿಂಗಳಿಗೆ ನೂರು, ನೂರಿಪ್ಪತ್ತು ರೂಪಾಯಿ ಹೆಚ್ಚು, ತೆರಿಗೆ ಬೇರೆ. 200ರ ಗೆರೆ ಇನ್ನೂ 60 ಯುನಿಟ್ ದೂರ. ಆ ನೂರು ರೂಪಾಯಿ 77 ವರ್ಷದ ತಾಯಿಯ ನಸುಕಿನ ಜಳಕಕ್ಕೆ ಹೋಗುತ್ತದೆ ಎಂದರೆ ಮಗ ಬೇಡ ಅನ್ನಲಾರರು ಎಂದು ನನ್ನ ನಂಬಿಕೆ.

200 ದಾಟಿಸುವ ವಸ್ತು ನಿಮ್ಮ ಪತ್ರದಲ್ಲಿ ಬೇರೊಂದಿದೆ: ಮಗ ಹುಡುಕುತ್ತಿರುವ ರೂಮ್ ಹೀಟರ್. ಸಾಮಾನ್ಯ ರೂಮ್ ಹೀಟರ್ 2000 ವ್ಯಾಟ್, ತಾಸಿಗೆ ಎರಡು ಯುನಿಟ್. ರಾತ್ರಿ ನಾಲ್ಕು ತಾಸು ಹಾಕಿದರೆ ತಿಂಗಳಿಗೆ 240. ಯಜಮಾನರ ಹೆದರಿಕೆ ಇಲ್ಲಿ ನೂರಕ್ಕೆ ನೂರು ಸರಿ. ಆ ಖರ್ಚು ಬೇಕಾದಷ್ಟು ಚಳಿ ನಮ್ಮ ಸೀಮೆಯಲ್ಲಿ ಇಲ್ಲ. ಡಿಸೆಂಬರ್–ಜನವರಿಯ ನಸುಕಿನ ಕೆಲವು ವಾರ ಕಷ್ಟ, ಬಿಸಿಲೇರಿದ ಮೇಲೆ ಎಲ್ಲ ಸರಿ. ಕೋಣೆಯ ಗಾಳಿ ಕಾಯಿಸುವುದಕ್ಕಿಂತ ಮೈಯನ್ನು ಬೆಚ್ಚಗಿಡುವುದು ಹಗುರ. ಬಾಗಿಲ ಕೆಳಗಿನ ಸಂದಿಗೆ ಬಟ್ಟೆಯ ಸುರುಳಿ, ಕಾಲಿಗೆ ಉಣ್ಣೆಯ ಚೀಲ, ಹಾಸಿಗೆಯ ಮೇಲಷ್ಟೇ ಅಲ್ಲ ಕೆಳಗೂ ಒಂದು ಕೌದಿ. ಗಾದಿಯ ಕೆಳಗಿನ ತಂಪು ಬೆನ್ನಿಗೆ, ಸೊಂಟಕ್ಕೆ ಹತ್ತುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಮೊಣಕಾಲಿಗೆ ಬಿಸಿನೀರಿನ ಚೀಲ ಸಾಕು. ಕರೆಂಟಿನದೇ ಬೇಕೆಂದರೆ ಶಾಖ ಕೊಡುವ ಪ್ಯಾಡ್ ಬರುತ್ತದೆ, ನೂರು ವ್ಯಾಟಿನ ಆಚೀಚೆ. ಹೀಟರಿನ ಇಪ್ಪತ್ತನೇ ಒಂದು ಪಾಲು. ಆದರೆ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಂತಿದ್ದರೆ ಬಿಸಿನೀರಿನ ಚೀಲವನ್ನಾಗಲಿ ಪ್ಯಾಡನ್ನಾಗಲಿ ಡಾಕ್ಟರನ್ನು ಕೇಳದೆ ಇಡಬೇಡಿ. ಸುಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ. ಇನ್ನು ಶೇಗಡಿಯಲ್ಲಿ ಕೆಂಡ ಹಾಕಿ ಮಲಗುವ ಕೋಣೆಯಲ್ಲಿ ಇಡುವುದು ಹಳೆಯ ಮನೆಯ ಹೆಂಚು, ಬೆಳಕಿಂಡಿ, ಮುಚ್ಚದ ಬಾಗಿಲುಗಳ ಕಾಲಕ್ಕೆ ನಡೆದೀತು. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಎಂದಿಗೂ ಬೇಡ, ಕೆಂಡದ ವಿಷಗಾಳಿಗೆ ಹೊರದಾರಿಯೇ ಇರುವುದಿಲ್ಲ.

ಇದೇ ಕಾರಣಕ್ಕೆ ಮೈದುನನ ಗ್ಯಾಸ್ ಗೀಸರಿಗೂ ನನ್ನ ಒಪ್ಪಿಗೆ ಇಲ್ಲ. ಉರಿಗೆ ಸಾಕಷ್ಟು ಗಾಳಿ ಸಿಗದ ಕಡೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಬರುವ ಕೆಟ್ಟ ವಾಸನೆ ಬೇರೆ, ಅದು ಗ್ಯಾಸಿಗೆ ಬೇಕೆಂದೇ ಬೆರೆಸಿದ್ದು. ಈ ವಿಷ ಯಾವ ಸುಳಿವೂ ಕೊಡುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ. ಮೊದಲು ತಲೆ ಭಾರ, ಆಮೇಲೆ ಸುಸ್ತು, ಕೂಗಬೇಕೆಂದರೆ ಕೂಗುವ ಶಕ್ತಿ ಇರುವುದಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಬಚ್ಚಲಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟ ಮನೆಗಳಲ್ಲಿ ಜಳಕಕ್ಕೆ ಹೋದವರು ಹೊರಗೆ ಬಾರದೇ ಹೋದ ಸುದ್ದಿ ಚಳಿಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಫ್ಲ್ಯಾಟಿನ ಬಚ್ಚಲು ಸಣ್ಣದು, ಚಳಿಗೆ ಗವಾಕ್ಷಿಯನ್ನೂ ಮುಚ್ಚಿರುತ್ತೇವೆ, ಮುದುಕರು ಒಳಗೆ ಹೆಚ್ಚು ಹೊತ್ತು ಇರುತ್ತಾರೆ. ಮೂರೂ ಸೇರಿದರೆ ಅಪಾಯ ಕೂಡಿಬಂದಂತೆ.

ಉಳಿತಾಯವೂ ಇಲ್ಲ, ಕೇಳಿ. 14.2 ಕಿಲೋದ ಒಂದು ಸಿಲಿಂಡರ್ ಗೀಸರಿನಲ್ಲಿ ಉರಿದು ನೀರಿಗೆ ಕೊಡುವ ಶಾಖ ಸುಮಾರು 140 ಯುನಿಟ್ ಕರೆಂಟಿಗೆ ಸಮ. ಸಿಲಿಂಡರಿಗೆ ನೀವು ಕೊಡುವ ದುಡ್ಡನ್ನು 140ರಿಂದ ಭಾಗಿಸಿ ನೋಡಿ, ಹೆಚ್ಚುಕಡಿಮೆ ಅದೇ 6 ರೂಪಾಯಿ ಬರುತ್ತದೆ. ಮೈದುನನಿಗೆ ಫೋನ್ ಮಾಡಿದಾಗ ಅವರ ಗೀಸರ್ ಎಲ್ಲಿದೆ ಎಂದು ಕೇಳಿ. ಬಚ್ಚಲ ಒಳಗೇ ಇದ್ದರೆ ಹೊರಗಿನ ಬಾಲ್ಕನಿಗೆ, ಗಾಳಿಯಾಡುವ ಜಾಗಕ್ಕೆ ತೆಗೆಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಿಸಿಕೊಳ್ಳಲಿ. ಇದನ್ನು ಅವರು ಬೇಸರ ಮಾಡಿಕೊಂಡರೂ ಹೇಳಲೇಬೇಕು, ಅತ್ತಿಗೆಯಾಗಿ ನಿಮಗೆ ಆ ಹಕ್ಕಿದೆ.

ಹಾಗಾದರೆ ಟ್ಯಾಂಕಿನದೋ ಇನ್‌ಸ್ಟಂಟೋ? ನಿಮ್ಮ ಮನೆಗೆ ಟ್ಯಾಂಕಿನದು. ಕಾರಣ ಎರಡಿವೆ. ಇನ್‌ಸ್ಟಂಟ್ 3000 ವ್ಯಾಟ್, 13 ಆಂಪಿಯರ್ ಎಳೆಯುತ್ತದೆ. ನಿಮ್ಮ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ, ನೋಡಿ. ಸಣ್ಣ ಫ್ಲ್ಯಾಟುಗಳಿಗೆ ಅದು ಒಂದೋ ಎರಡೋ ಇರುತ್ತದೆ. ಅಷ್ಟು ಎಳೆದರೂ ಅದು ಮೈಗೆ ಹಿತವಾದ ನೀರು ಕೊಡುವುದು ನಿಮಿಷಕ್ಕೆ ಎರಡು ಲೀಟರಿನ ಮೇಲೆ ತುಸು. ಒಂದು ಬಕೀಟು ತುಂಬಲು ಒಂಬತ್ತು ನಿಮಿಷದ ಮೇಲೆ. ಇನ್ನೊಂದು ಕಾರಣ ವೋಲ್ಟೇಜ್. ಸುತ್ತ ಕಬ್ಬಿನ ಹೊಲ, ಪಂಪ್‌ಸೆಟ್ಟುಗಳಿರುವ ಊರುಗಳಲ್ಲಿ ಒಮ್ಮೊಮ್ಮೆ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. 230 ಇದ್ದದ್ದು 180 ಆದರೆ ಕಾಯಿಲಿನ ಶಕ್ತಿ ನೂರಕ್ಕೆ 60ರಷ್ಟು ಮಾತ್ರ ಉಳಿಯುತ್ತದೆ. ಇನ್‌ಸ್ಟಂಟಿನಲ್ಲಿ ಆಗ ಉಗುರುಬೆಚ್ಚಗಿನ ನೀರೇ ಗತಿ. ಟ್ಯಾಂಕಿನದಾದರೆ ಇಪ್ಪತ್ತು ನಿಮಿಷದಷ್ಟು ಹೆಚ್ಚು ಕಾದರಾಯಿತು, ನೀರು ಬೇಕಾದಷ್ಟು ಬಿಸಿಯಾಗಿಯೇ ಬರುತ್ತದೆ. "ಮೈಗೆ ಹತ್ತಂಗಿಲ್ಲ" ಎಂಬ ಅತ್ತೆಯವರ ಮಾತು ನಿಜವಾದದ್ದು. ಬಚ್ಚಲ ಒಲೆಗೆ ರವದಿಯೋ ಗೋವಿನಜೋಳದ ಬೆಂಡೋ ಹಾಕಿ ಕಾಯಿಸಿದ ಹಂಡೆಯಲ್ಲಿ ಚರಿಗೆ ಮುಳುಗಿಸಿದಷ್ಟೂ ನೀರಿರುತ್ತಿತ್ತು. ಈಗ ಒಂದು ಬಕೀಟು, ಅದೂ ಅರ್ಧ ಜಳಕಕ್ಕೆ ತಣ್ಣಗಾಗುತ್ತದೆ. ಅವರಿಗೆ ಬೇಕಾದದ್ದು ನೀರಿನ ಪ್ರಮಾಣ.

ಅದಕ್ಕಾಗಿ 25 ಲೀಟರಿನದು ತಗೊಳ್ಳಿ. 15 ಲೀಟರಿನ ಟ್ಯಾಂಕಿನಲ್ಲಿ 60 ಡಿಗ್ರಿ ಕಾದ ನೀರಿಗೆ ತಣ್ಣೀರು ಬೆರೆಸಿದರೆ ಒಂದೂವರೆ ಬಕೀಟು ಜಳಕದ ನೀರಾಗುತ್ತದೆ, 25 ಲೀಟರಿನದರಲ್ಲಿ ಎರಡೂವರೆ ಬಕೀಟು. ಅತ್ತೆ ತಲೆಗೆ ಹಾಕಿಕೊಳ್ಳುವ ದಿನವೂ ಅವರಿಗೆ ಸಾಲುತ್ತದೆ. 2000 ವ್ಯಾಟಿನ ಕಾಯಿಲಿಗೆ ಟ್ಯಾಂಕು ಪೂರ್ತಿ ಕಾಯಲು ಅರ್ಧ ಗಂಟೆಗೆ ತುಸು ಹೆಚ್ಚು. ನಾಲ್ಕೂವರೆಗೆ ಹಾಕಿದರೆ ಐದಕ್ಕೆ ಅವರ ಜಳಕ. ಅವರು ಪೂಜೆಗೆ ಕೂತಿರುವಾಗ ಮತ್ತೆ ಕಾದು ಮಗನಿಗೂ ನಿಮಗೂ ಸಿದ್ಧ. ಇಬ್ಬರೂ ಒಟ್ಟಿಗೇ ಆತುರ ಮಾಡದಂತೆ ಒಂದು ಸರದಿ ಮಾಡಿಕೊಂಡರೆ ದೊಡ್ಡ ಟ್ಯಾಂಕಿನ ಅಗತ್ಯವಿಲ್ಲ.

ಅಂಗಡಿಯಲ್ಲಿ ಬ್ರ್ಯಾಂಡಿನ ಹೆಸರಿಗಿಂತ ಮೊದಲು ಐಎಸ್‌ಐ ಗುರುತು ನೋಡಿ. ಟ್ಯಾಂಕಿನ ಗೀಸರಿಗೆ ಅದರ ಜೊತೆ ಐಎಸ್ 2082 ಎಂಬ ಸಂಖ್ಯೆ ಇರಬೇಕು. ಆಮೇಲೆ ನಿಮ್ಮ ನೀರಿನ ಮಾತು. ನಿಮ್ಮ ಹಳೆಯ ಗೀಸರಿನ ಬುಡ ತಿಂದುಹಾಕಿದ್ದು ನೀರು ಮತ್ತು ತುಕ್ಕು. ನಲ್ಲಿಯ ಬಾಯಿಗೆ ಬಿಳಿ ಸುಣ್ಣ ಕಟ್ಟಿದ್ದರೆ, ಸಾಬೂನು ನೊರೆ ಬರದಿದ್ದರೆ ಗಡಸು ನೀರು ಖಾತ್ರಿ. ಒಳಗೆ ಗಾಜಿನ ಲೇಪವಿರುವ ಟ್ಯಾಂಕ್ ಕೇಳಿ. ಅದರೊಳಗೆ ಆನೋಡ್ ಎಂಬ ಮೆಗ್ನೀಷಿಯಂ ಸಲಾಕೆ ಇರುತ್ತದೆ. ತುಕ್ಕು ಟ್ಯಾಂಕಿಗೆ ಹಿಡಿಯುವ ಬದಲು ಮೊದಲು ಇದನ್ನು ತಿನ್ನಲಿ ಎಂದು ಇಟ್ಟದ್ದು. ಅದು ಸವೆದು ಮುಗಿದ ಮೇಲೆ ಟ್ಯಾಂಕಿನ ಸರದಿ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ, ತೆಳ್ಳಗಾಗಿದ್ದರೆ ಬದಲಿಸಿ, ಜೊತೆಗೆ ಕಾಯಿಲಿನ ಸುಣ್ಣ ಕೆರೆಸಿ. ಐದು ವರ್ಷ, ಏಳು ವರ್ಷ ಟ್ಯಾಂಕಿನ ವಾರಂಟಿ ಎಂದು ದೊಡ್ಡದಾಗಿ ಬರೆದಿರುತ್ತಾರೆ, ಗಡಸು ನೀರಿಗೆ ಅದು ಲಾಗುವಾಗುತ್ತದೆಯೇ, ಕಾಯಿಲಿಗೆ ಎಷ್ಟು ವರ್ಷ ಎಂದು ಅದೇ ಕಾರ್ಡಿನ ಸಣ್ಣ ಅಕ್ಷರ ಓದಿ. ಎಂಟು ಬಾರ್ ಒತ್ತಡ ತಡೆಯುವುದೇ ಬೇಕು ಎಂದು ಹೆಚ್ಚಿನ ದುಡ್ಡು ಹೇಳಿದರೆ ಅದು ಎತ್ತರದ ಕಟ್ಟಡಗಳಿಗೆ, ಪ್ರೆಶರ್ ಪಂಪ್ ಇದ್ದಲ್ಲಿಗೆ. ಹತ್ತು ಮೀಟರ್ ಎತ್ತರದ ನೀರಿಗೆ ಒಂದೇ ಬಾರ್ ಒತ್ತಡ. ನಿಮ್ಮ ಮಾಳಿಗೆಯ ಟ್ಯಾಂಕಿಗೆ ಅದು ಬೇಕಿಲ್ಲ. ಆದರೆ ಹೆಚ್ಚಿನ ಒತ್ತಡ ಬಿಡುವ ವಾಲ್ವ್ ಮಾತ್ರ ಇರಲೇಬೇಕು, ಅದರಿಂದ ಆಗಾಗ ಹನಿ ತೊಟ್ಟಿಕ್ಕಿದರೆ ಅದು ಸಹಜ, ಸೋರಿಕೆ ಎಂದು ಮುಚ್ಚಿಸಬೇಡಿ.

ತುಂಬಿದ 25 ಲೀಟರಿನ ಗೀಸರ್ 35 ಕಿಲೋಕ್ಕೂ ಹೆಚ್ಚು ತೂಗುತ್ತದೆ. ತೆಳು ಗೋಡೆಗೆ ಹಾಕಿಸಬೇಡಿ, ಅತ್ತೆ ಕೂತು ಜಳಕ ಮಾಡುವ ಜಾಗದ ನೇರ ಮೇಲೂ ಬೇಡ. ಸ್ವಿಚ್ ಬಚ್ಚಲ ಹೊರಗಿರಲಿ, 16 ಆಂಪಿಯರಿನದಿರಲಿ, ಬೋರ್ಡಿನಿಂದ ಅದಕ್ಕೆಂದೇ ಬೇರೆ ತಂತಿ ಎಳೆಸಿ. ಉಷ್ಣತೆಯ ತಿರುಪನ್ನು 55ರಿಂದ 60 ಡಿಗ್ರಿಗೆ ಇಡಿಸಿ. ಅದಕ್ಕಿಂತ ಹೆಚ್ಚಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 60 ಡಿಗ್ರಿಯ ನೀರೂ ವಯಸ್ಸಾದವರ ತೆಳು ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಬಕೀಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು ಎಂಬ ಕ್ರಮ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಲಿ. ಹಂಡೆಯ ಕಾಲದವರಿಗೆ ಬೆರಕೆ ಕೈಗೆ ಹತ್ತಿದ ವಿದ್ಯೆ, ಆದರೆ ಅವರಿಗೆ ಹೊಸ ನಲ್ಲಿಯ ಕೆಂಪು–ನೀಲಿ ಗುರುತು ಹೊಸದು. ಮೊದಲ ಕೆಲವು ದಿನ ನೀವೇ ಬೆರೆಸಿಟ್ಟು ಕೊಡಿ. ಚಿಲಕ ಒಳಗಿನಿಂದ ಹಾಕದಿರಲು ಒಪ್ಪಿಸಿ.

ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಆದರೆ ಅರ್ಥಿಂಗಿನ ಮಾತಿಗೆ ಆರು ಮನೆಯವರು ಕೂತಾಗ ಇದನ್ನೂ ಎತ್ತಬಹುದು. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಮಾಳಿಗೆ ಎಲ್ಲರದು, ಹಾಗಾಗಿ ಎಲ್ಲರ ಲಿಖಿತ ಒಪ್ಪಿಗೆ ಬೇಕು. ಗಡಸು ನೀರಿಗೆ ಗಾಜಿನ ಕೊಳವೆಯದೋ ಚಪ್ಪಟೆ ಫಲಕದ್ದೋ ಎಂದು ನೀರು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು. ಮಳೆಗಾಲದ ಮೋಡದ ವಾರಗಳಲ್ಲಿ ಅದು ಕೈಕೊಡುತ್ತದೆ, ಆಗ ಕರೆಂಟಿನ ಗೀಸರ್ ಬೇಕೇ ಬೇಕು. ಅಂದರೆ ಸೋಲಾರ್ ಬರಲಿ ಬಿಡಲಿ, ನೀವು ಈಗ ಕೊಳ್ಳುವ 25 ಲೀಟರ್ ದಂಡವಾಗುವುದಿಲ್ಲ. ಇನ್ನು ಹೀಟ್ ಪಂಪ್ ಎಂಬ ಹೊಸ ಯಂತ್ರ ಬಂದಿದೆ, ಗಾಳಿಯ ಶಾಖವನ್ನೇ ಹಿಂಡಿ ನೀರಿಗೆ ಕೊಡುತ್ತದೆ, ಕರೆಂಟ್ ಮೂರನೇ ಒಂದು ಪಾಲು ಸಾಕು. ಆದರೆ ಬೆಲೆ ಬಹಳ, ರಿಪೇರಿಯವರು ಹತ್ತಿರದಲ್ಲಿ ಸಿಗಬೇಕು. ನಾಲ್ಕು ಜನರ ಮನೆಗೆ ಸದ್ಯ ನಾನು ಹೇಳುವುದಿಲ್ಲ.

ಲೋಡ್ ಹೆಚ್ಚಿಸಬೇಕಾಗಿ ಬಂದರೆ, ವೋಲ್ಟೇಜಿನ ದೂರು ಇದ್ದರೆ ನೀವು ಹೋಗಬೇಕಾದದ್ದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ. ಕರ್ನಾಟಕದಲ್ಲಿ ಹೀಗೆ ಸಹಕಾರಿ ಸಂಘವೇ ಮನೆಮನೆಗೆ ಕರೆಂಟ್ ಕೊಡುವ ತಾಲೂಕು ನಿಮ್ಮದೊಂದೇ. 1969ರಲ್ಲಿ ಹಳ್ಳಿಯವರೇ ತಮ್ಮ ವಿದ್ಯುತ್ತನ್ನು ನಡೆಸಲಿ ಎಂದು ದೇಶದಲ್ಲಿ ಐದು ಕಡೆ ಇಂಥ ಸಂಘ ಕಟ್ಟಿದರು; ಇಂದಿನ ತೆಲಂಗಾಣದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ–ಪ್ರವರಾ, ಗುಜರಾತಿನ ಕೋಡಿನಾರ, ಉತ್ತರ ಪ್ರದೇಶದ ಲಖನೌ, ಮತ್ತು ಹುಕ್ಕೇರಿ. ಮುಳಾ–ಪ್ರವರಾದಂಥ ದೊಡ್ಡ ಸಂಘವೂ ಉಳಿಯಲಿಲ್ಲ, ನಿಮ್ಮದು ನಡೆದಿದೆ. ನೆರೆಯ ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲೇ ಬೀಳುವ ನೀರಿನಿಂದ ವಿದ್ಯುತ್ ತೆಗೆದ ಸೀಮೆಗೆ ಇದು ಒಪ್ಪುವ ಮಾತು. ಯಜಮಾನರು ಸಂಘದ ಸದಸ್ಯರಾಗಿದ್ದರೆ ಗಿರಾಕಿಯ ಹಾಗೆ ಅಂಜುತ್ತ ನಿಲ್ಲಬೇಕಿಲ್ಲ. ಇಷ್ಟು ದಿನ, ಇಷ್ಟು ಹೊತ್ತಿಗೆ ವೋಲ್ಟೇಜ್ ಇಷ್ಟಿತ್ತು ಎಂದು ವಾರದ ಅಂಕಿ ಬರೆದುಕೊಂಡು ಹೋಗಿ ಕೇಳಲಿ. ಆ ಅಂಕಿ ಇದ್ದರೆ ಲೈನಿನವರಿಗೂ ಟ್ರಾನ್ಸ್‌ಫಾರ್ಮರ್ ನೋಡಲು ಒಂದು ಆಧಾರ ಸಿಗುತ್ತದೆ. ಗೃಹಜ್ಯೋತಿ ಈ ಸಂಘದ ಮನೆಗಳಿಗೂ ಇದೆ, ಅದರಲ್ಲಿ ಅನುಮಾನ ಬೇಡ.

ಹಳೆಯ ಗೀಸರನ್ನು ಗೋಡೆಯ ಮೇಲೇ ಬಿಡಬೇಡಿ. ಯಾರೋ ಬಂದವರು ಗೊತ್ತಿಲ್ಲದೆ ಸ್ವಿಚ್ ಹಾಕಿಯಾರು. ವೈರ್‌ಮನ್ ಬಂದ ದಿನವೇ ತಂತಿ ಬಿಚ್ಚಿಸಿ, ಇಳಿಸಿ, ಗುಜರಿಗೆ ಕೊಡಿ. ಅರ್ಥಿಂಗ್ ಮತ್ತು ಆರ್‌ಸಿಸಿಬಿ ಆಗುವವರೆಗೆ, ಒಂದು ವಾರವೋ ಹತ್ತು ದಿನವೋ, ಅತ್ತೆಯವರ ನೀರನ್ನು ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಕಾಯಿಸಿ, ಮಗ ಬಚ್ಚಲಿಗೆ ಎತ್ತಿಟ್ಟುಕೊಡಲಿ. ಪಿಯುಸಿ ಹುಡುಗನಿಗೆ ಅದು ಭಾರವಲ್ಲ.